ಮಧ್ಯಮವೋ, ಮಾಧ್ಯಮವೋ?

ಜೂನ್ ತಿಂಗಳು ಬಂದಿತೆಂದರೆ ಕಾಸರಗೋಡಿನ ನಮ್ಮ ಕನ್ನಡ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಮಗು ಯಾವ ಮೀಡಿಯಂ?’ ಬಾಳಿನ ಬಹುಭಾಗವನ್ನು ಕನ್ನಡ ಶಾಲೆಯಲ್ಲಿ ಕಳೆದ ನನಗೆ ಆ ಪ್ರಶ್ನೆಗೆ ದೊರೆಯುವ ಉತ್ತರಕ್ಕಿಂತ, ಅದರೊಳಗಿನ ಪದವನ್ನು ನಾವು ಬಳಸುವ ಬಗೆಯ ಮೇಲೆಯೇ ಹೆಚ್ಚಿನ ಆಕ್ಷೇಪವಿದೆ.

ಲ್ಯಾಟಿನ್ ಭಾಷೆಯ ‘ನಡುವಣ’ ಎಂಬರ್ಥದ ಶಬ್ದದಿಂದ ಹುಟ್ಟಿದ ಈ ಇಂಗ್ಲಿಷ್ ಪದ, ಹೊಕ್ಕ ಕ್ಷೇತ್ರದಲ್ಲೆಲ್ಲ ಬೇರೆ ಬೇರೆ ವೇಷ ತೊಡುತ್ತದೆ. ಅಂಗಿಯ ಅಂಗಡಿಯಲ್ಲಿ ಅದು ಒಂದು ಅಳತೆ. ಕ್ರಿಕೆಟಿನಲ್ಲಿ ಚೆಂಡಿನ ವೇಗ. ರೇಡಿಯೊದಲ್ಲಿ ತರಂಗದ ಉದ್ದ. ಚಿತ್ರಕಾರನಿಗೆ ತೈಲವರ್ಣವೋ ಜಲವರ್ಣವೋ ಅವನ ಮೀಡಿಯಂ. ಭೌತಶಾಸ್ತ್ರಜ್ಞನಿಗೆ ಅದು ಅಲೆಗಳನ್ನು ಒಯ್ಯುವ ವಸ್ತು. ಜೀವಶಾಸ್ತ್ರಜ್ಞನಿಗೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ಪೋಷಕ ದ್ರವ್ಯ. ಅದರ ಬಹುವಚನವೇ ಪತ್ರಿಕೆ, ದೂರದರ್ಶನಗಳ ‘ಮೀಡಿಯಾ’.

ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿಟ್ಟದ್ದನ್ನು ನಮ್ಮ ಬಳಕೆ ಎರಡಾಗಿ ವಿಂಗಡಿಸಿದೆ. ಅಳತೆಯಾದರೆ ‘ಮಧ್ಯಮ’, ಒಯ್ಯುವುದಾದರೆ ‘ಮಾಧ್ಯಮ’. ಒಂದು ದೀರ್ಘದ ಅಂತರ. ಮಕ್ಕಳಿಗೆ ಶಾಲೆಯನ್ನು ಆರಿಸುವಾಗ ನಾವು ಕಳೆದುಕೊಂಡಿರುವುದು ಆ ದೀರ್ಘವನ್ನೇ. ‘ಇಂಗ್ಲಿಷ್ ಮೀಡಿಯಂ’ ಎಂಬುದು ನಮಗೀಗ ಕಲಿಕೆಯ ವಾಹಕವಲ್ಲ. ಅಂಗಿಯ ಅಳತೆಯಂತೆ ಅಂತಸ್ತಿನ ಅಳತೆ.

ಎಂಟನೆಯ ತರಗತಿಯಲ್ಲಿ ನಾವು ತೋರಿಸುತ್ತಿದ್ದ ಪ್ರಯೋಗವನ್ನು ನೆನೆಯಿರಿ. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ಬಾರಿಸುತ್ತಿರುತ್ತದೆ. ಗಾಳಿಯನ್ನು ಹೊರಗೆಳೆದಂತೆಲ್ಲ ಸದ್ದು ಕ್ಷೀಣಿಸುತ್ತದೆ. ಗಂಟೆಯ ನಾಲಗೆ ಬಡಿಯುವುದು ಕಾಣುತ್ತದೆ, ನಾದ ಮಾತ್ರ ಕಿವಿಗೆ ತಲುಪದು. ಮನೆಯಲ್ಲಿ ಕೇಳದ ಭಾಷೆಯಲ್ಲಿ ಗಣಿತ, ವಿಜ್ಞಾನಗಳನ್ನು ಕೇಳುತ್ತ ಕುಳಿತ ಆರು ವರ್ಷದ ಮಗುವಿನ ಸ್ಥಿತಿ ಇದಕ್ಕಿಂತ ಬೇರೆಯೇ? ಗುರುಗಳ ತುಟಿಗಳು ಚಲಿಸುತ್ತವೆ, ಅರ್ಥ ತಲುಪುವುದಿಲ್ಲ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಒಬ್ಬ ತಂದೆ ಮಗನ ವರ್ಗಾವಣೆ ಪತ್ರಕ್ಕಾಗಿ ಬಂದರು. ಹುಡುಗ ತರಗತಿಯಲ್ಲಿ ಪ್ರಶ್ನೆ ಕೇಳುವುದರಲ್ಲಿ ಮೊದಲಿಗ. ‘ಬುದ್ಧಿವಂತ ಸಾರ್, ಇಲ್ಲಿ ಯಾಕೆ ಇರಬೇಕು?’ ಎಂದರು. ಎರಡು ವರ್ಷಗಳ ಬಳಿಕ ಅವನನ್ನು ಪೇಟೆಯಲ್ಲಿ ಕಂಡೆ. ಪಾಠಗಳೆಲ್ಲ ಬಾಯಿಪಾಠವಾಗಿದ್ದವು. ಪ್ರಶ್ನೆಗಳು ನಿಂತುಹೋಗಿದ್ದವು. ಸಹಿ ಹಾಕಿದ ಕೈ ನನ್ನದೇ ಎಂಬ ನೋವು ಇಂದಿಗೂ ಇದೆ.

‘ಇಂಗ್ಲಿಷ್ ಬೇಡವೇ?’ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಆದರೆ ಭಾಷೆಯೊಂದನ್ನು ವಿಷಯವಾಗಿ ಚೆನ್ನಾಗಿ ಕಲಿಯುವುದು ಬೇರೆ, ಎಲ್ಲ ವಿಷಯಗಳನ್ನೂ ಅದರ ಮೂಲಕವೇ ಕಲಿಯುವುದು ಬೇರೆ. ಕನ್ನಡ ಶಾಲೆಗಳಲ್ಲಿ ಒಳ್ಳೆಯ ಇಂಗ್ಲಿಷ್ ಶಿಕ್ಷಕರಿರಲಿ ಎಂದು ಒತ್ತಾಯಿಸೋಣ. ಅದಕ್ಕಾಗಿ ಕನ್ನಡ ಶಾಲೆಯನ್ನೇ ತೊರೆಯುವುದು ಮೂಗಿನ ನೆಗಡಿಗೆ ಮೂಗನ್ನೇ ಕೊಯ್ದಂತೆ.

1956ರಲ್ಲಿ ಭಾಷಾವಾರು ಪುನರ್ವಿಂಗಡಣೆಯಿಂದ ನಾವು ಕೇರಳಕ್ಕೆ ಸೇರಿದೆವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆನ್ನುತ್ತದೆ. ಆದ್ದರಿಂದ ಕನ್ನಡವರಿಯದ ಶಿಕ್ಷಕರನ್ನು ಕನ್ನಡ ತರಗತಿಗೆ ಕಳುಹಿಸಿದಾಗಲೆಲ್ಲ ನಾವು ಪ್ರತಿಭಟಿಸಿದ್ದು ನ್ಯಾಯವೇ ಆಗಿದೆ. ಮಾಧ್ಯಮವನ್ನು ಹೆಸರಿನಲ್ಲಿ ಉಳಿಸಿ ಗಾಳಿಯನ್ನು ಹೊರಗೆಳೆಯುವ ಕೆಲಸವದು.

ಆದರೆ ಮೇ 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಆಯ್ಕೆ ಪೋಷಕರದು ಎಂದು ತೀರ್ಪಿತ್ತಿದೆ. ಕರ್ನಾಟಕ ಸರಕಾರವೇ ಸೋತ ಮೊಕದ್ದಮೆಯದು. ಎಂದ ಮೇಲೆ ಇನ್ನಾವ ಸರಕಾರವೂ ನಮ್ಮ ಪರವಾಗಿ ಆಯ್ಕೆ ಮಾಡಲಾರದು. ಆಯ್ಕೆ ನಮ್ಮದಾದರೆ ಹೊಣೆಯೂ ನಮ್ಮದೇ.

ಈ ಸಭಾಂಗಣದಲ್ಲಿ ಕುಳಿತು ಕನ್ನಡಕ್ಕೆ ಕೈಚಪ್ಪಾಳೆ ತಟ್ಟುವ ನಾವು, ಮರುದಿನ ಮುಂಜಾನೆ ಮೊಮ್ಮಕ್ಕಳನ್ನು ಯಾವ ಶಾಲೆಯ ಬಸ್ಸಿಗೆ ಹತ್ತಿಸುತ್ತೇವೆ? ಮಕ್ಕಳಿಲ್ಲದ ಶಾಲೆಗೆ ಶಿಕ್ಷಕರನ್ನು ಬೇಡುವ ಬಾಯಿ ನಮಗೆಲ್ಲಿಂದ ಬರಬೇಕು?

ವ್ಯಾಕರಣದ ಮಾತಿನಲ್ಲೇ ಮುಗಿಸುತ್ತೇನೆ. ಕನ್ನಡ ಶಾಲೆಯನ್ನು ‘ಅವರು ಉಳಿಸಬೇಕು’ ಎಂಬುದು ಪ್ರಥಮ ಪುರುಷ. ‘ನೀವು ಉಳಿಸಬೇಕು’ ಎಂಬುದು ಮಧ್ಯಮ ಪುರುಷ. ಇವೆರಡನ್ನೂ ಸಾಕಷ್ಟು ಕೇಳಿಯಾಯಿತು. ‘ನಾನು ಉಳಿಸುತ್ತೇನೆ’ ಎಂಬ ಉತ್ತಮ ಪುರುಷವನ್ನು ಮುಂದಿನ ಜೂನ್‌ನಲ್ಲಾದರೂ ಕೇಳಲು ಈ ಹಳೆಯ ಮೇಷ್ಟ್ರು ಕಾದಿದ್ದಾನೆ.