ಯಾವ ಅಳತೆಗೋಲಿನಿಂದ ಅಳೆಯೋಣ?

ರಜೆಯಲ್ಲಿ ಊರಿಗೆ ಬಂದ ನಮ್ಮ ಮಕ್ಕಳು ಒಟ್ಟಿಗೆ ಊಟಕ್ಕೆ ಕುಳಿತಾಗ ಒಂದು ವಾದ ಹುಟ್ಟಿಕೊಳ್ಳುವುದುಂಟು. ಇಂಗ್ಲೆಂಡಿನಲ್ಲಿ ದಾದಿಯಾಗಿರುವ ಮಗಳು, ಅಲ್ಲಿಯ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಯ ಕೈಗೆ ಬಿಲ್ಲನ್ನೇ ಕೊಡುವುದಿಲ್ಲ ಎನ್ನುತ್ತಾಳೆ. ಅಮೆರಿಕದಲ್ಲಿ ನೆಲೆಸಿದ ಮಗ, ಅಲ್ಲಿ ದೊರೆಯುವಂತಹ ಚಿಕಿತ್ಸೆ ಬೇರೆಲ್ಲಿಯೂ ಇಲ್ಲ ಎನ್ನುತ್ತಾನೆ. ಹಾಗಾದರೆ ಯಾವ ದೇಶದ ಆರೋಗ್ಯ ವ್ಯವಸ್ಥೆ ಉತ್ತಮ? ಈ ಪ್ರಶ್ನೆಗೆ ಉತ್ತರಿಸುವ ಮೊದಲು, ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 191 ರಾಷ್ಟ್ರಗಳನ್ನು ಹೋಲಿಸಿ ಒಂದು ಶ್ರೇಣಿಯನ್ನು ಪ್ರಕಟಿಸಿತು. ಇರುವ ಸಂಪನ್ಮೂಲಕ್ಕೆ ತಕ್ಕ ಸಾಧನೆಯಲ್ಲಿ ಫ್ರಾನ್ಸ್ ಮೊದಲನೆಯದಾಯಿತು. ಅಮೆರಿಕ 37ನೆಯದು, ಭಾರತ 112ನೆಯದು. ಆದರೆ ಅದೇ ವರದಿಯಲ್ಲಿ, ಜನರು ಆರೋಗ್ಯದಿಂದ ಬಾಳುವ ವರ್ಷಗಳ ಲೆಕ್ಕದಲ್ಲಿ ಜಪಾನ್ ಮೊದಲು. ರೋಗಿಯ ನಿರೀಕ್ಷೆಗೆ ಸ್ಪಂದಿಸುವುದರಲ್ಲಿ ಅಮೆರಿಕವೇ ಮೊದಲು. ವೆಚ್ಚದ ಹೊರೆಯನ್ನು ನ್ಯಾಯವಾಗಿ ಹಂಚುವುದರಲ್ಲಿ ಕೊಲಂಬಿಯ ಮೊದಲು! ಒಂದೇ ವರದಿ, ನಾಲ್ಕು ಪ್ರಥಮ ಸ್ಥಾನಗಳು. ಆ ಶ್ರೇಣಿಯ ಬಗ್ಗೆ ತೀವ್ರ ಟೀಕೆಗಳು ಬಂದವು. ಸಂಸ್ಥೆ ಅಂತಹ ಪಟ್ಟಿಯನ್ನು ಮತ್ತೆ ಪ್ರಕಟಿಸಲಿಲ್ಲ.

ಆಯುಷ್ಯವನ್ನೇ ಮಾನದಂಡವಾಗಿ ಹಿಡಿಯೋಣವೆ? ಜಪಾನೀಯರ ಸರಾಸರಿ ಆಯುಷ್ಯ ಸುಮಾರು 84 ವರ್ಷ. ಅಮೆರಿಕದಲ್ಲಿ ಅದು 2021ರಲ್ಲಿ 76.4ಕ್ಕೆ ಕುಸಿದು, 2023ರಲ್ಲಿ 78.4ಕ್ಕೆ ಚೇತರಿಸಿತು. ಹಾಗೆಂದು ಅಲ್ಲಿಯ ವೈದ್ಯರು ಅಸಮರ್ಥರೆಂದು ತೀರ್ಮಾನಿಸಲಾಗದು. ಸ್ತನ ಕ್ಯಾನ್ಸರಿನಿಂದ ಬದುಕುಳಿಯುವವರ ಪ್ರಮಾಣದಲ್ಲಿ ಆ ದೇಶ ಜಗತ್ತಿನ ಮುಂಚೂಣಿಯಲ್ಲಿದೆ. ಆದರೆ 2021ರಿಂದ 2023ರವರೆಗೆ ಪ್ರತಿವರ್ಷವೂ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತರು. ಬಂದೂಕು, ರಸ್ತೆ ಅಪಘಾತ, ಬೊಜ್ಜು ಇವುಗಳೂ ಜೀವಗಳನ್ನು ಕಸಿಯುತ್ತವೆ. ದೀರ್ಘಾಯುಷ್ಯವು ಆಸ್ಪತ್ರೆಯೊಂದರ ಗಳಿಕೆಯಲ್ಲ. ನಾವು ಕುಡಿಯುವ ನೀರು, ಉಣ್ಣುವ ಅನ್ನ, ನಡೆಯುವ ಬೀದಿ ಎಲ್ಲಕ್ಕೂ ಅದರಲ್ಲಿ ಪಾಲಿದೆ.

ಇನ್ನು ವೆಚ್ಚದ ಮಾತು. 2023ರಲ್ಲಿ ಅಮೆರಿಕವು ತನ್ನ ರಾಷ್ಟ್ರೀಯ ಉತ್ಪನ್ನದ ಶೇ. 17.6ರಷ್ಟನ್ನು, ತಲೆಗೆ 14,570 ಡಾಲರಿನಂತೆ, ಆರೋಗ್ಯಕ್ಕಾಗಿ ವ್ಯಯಿಸಿತು. ಆದರೂ ಆ ವರ್ಷ ಸುಮಾರು 2 ಕೋಟಿ 60 ಲಕ್ಷ ಜನರಿಗೆ ವಿಮೆಯೇ ಇರಲಿಲ್ಲ. ಹೆಚ್ಚು ಹಣ ಸುರಿದ ಮಾತ್ರಕ್ಕೆ ಎಲ್ಲರಿಗೂ ಬಾಗಿಲು ತೆರೆಯುವುದಿಲ್ಲ. ಬ್ರಿಟನ್ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿ, ಚಿಕಿತ್ಸೆಯ ಹೊತ್ತಿನಲ್ಲಿ ಹಣ ಕೇಳಬಾರದೆಂಬ ತತ್ತ್ವವನ್ನು ಒಪ್ಪಿಕೊಂಡಿತು. ಅಲ್ಲಿ ಬೆಲೆಯನ್ನು ಬೇರೊಂದು ರೂಪದಲ್ಲಿ ತೆರಬೇಕಾಗಿದೆ: 2023ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡ್ ಒಂದರಲ್ಲೇ ಸರದಿಗಾಗಿ ಕಾದಿದ್ದ ಚಿಕಿತ್ಸೆಗಳ ಸಂಖ್ಯೆ 77 ಲಕ್ಷವನ್ನು ಮೀರಿತ್ತು. ಒಂದೆಡೆ ಹಣವಿಲ್ಲದವನು ಹೊರಗುಳಿಯುತ್ತಾನೆ. ಇನ್ನೊಂದೆಡೆ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ. ಎರಡೂ ಕಷ್ಟಗಳೇ, ಆದರೆ ಸಮಾನವಾದ ಕಷ್ಟಗಳಲ್ಲ. ಸಾಲನ್ನು ಚಿಕ್ಕದಾಗಿಸಲು ವೈದ್ಯರನ್ನೂ ಹಾಸಿಗೆಗಳನ್ನೂ ಹೆಚ್ಚಿಸಬಹುದು. ಬಾಗಿಲಿನಿಂದಲೇ ಹಿಂದಿರುಗಿದವನಿಗೆ ಸಾಲಿನಲ್ಲಿ ಸ್ಥಾನವೇ ಇರುವುದಿಲ್ಲ.

ಆದುದರಿಂದ ಒಂದು ವ್ಯವಸ್ಥೆಯನ್ನು ತೂಗುವಾಗ ಅದು ನಿಜವಾಗಿ ಹೊಣೆಯಾಗಬೇಕಾದ ಎರಡು ವಿಷಯಗಳನ್ನು ಕೇಳುವುದು ಉಚಿತ. ಸಕಾಲದ ಚಿಕಿತ್ಸೆಯಿಂದ ಉಳಿಯಬಹುದಾಗಿದ್ದ ಜೀವಗಳು ಎಷ್ಟು ಅಳಿದವು? ಉಳಿದ ಜೀವಕ್ಕಾಗಿ ಎಷ್ಟು ಮನೆಗಳು ಮುರಿದವು?

ಎರಡನೆಯ ಪ್ರಶ್ನೆ ನಮಗೆ ಅಪರಿಚಿತವಲ್ಲ. ಭಾರತದ ಒಟ್ಟು ಆರೋಗ್ಯ ವೆಚ್ಚದಲ್ಲಿ ಕುಟುಂಬಗಳು ನೇರವಾಗಿ ಕೈಯಿಂದ ತೆತ್ತ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ಕ್ಕೆ ಅದು ಶೇ. 39.4ಕ್ಕೆ ಇಳಿಯಿತೆಂದು ಸರಕಾರದ ಲೆಕ್ಕಪತ್ರ ಹೇಳುತ್ತದೆ. ಇದು ಸಮಾಧಾನದ ಸಂಗತಿಯೇ. ಆದರೂ ಶಸ್ತ್ರಚಿಕಿತ್ಸೆಗಾಗಿ ಒಡವೆ ಅಡವಿಟ್ಟ ಮನೆ, ಡಯಾಲಿಸಿಸ್‌ಗಾಗಿ ತೋಟ ಮಾರಿದ ಮನೆ ನಮ್ಮ ಕಣ್ಣೆದುರಿನಲ್ಲೇ ಇಲ್ಲವೆ?

ಮತ ಕೇಳಲು ಬರುವವರನ್ನು ರಸ್ತೆ, ಸೇತುವೆಗಳ ಬಗ್ಗೆ ನಾವು ತಪ್ಪದೆ ಪ್ರಶ್ನಿಸುತ್ತೇವೆ. ಇನ್ನು ಮುಂದೆ ತಾಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರು ಇದ್ದಾರೆಯೆ, ಔಷಧಿ ಒಳಗೇ ಸಿಗುತ್ತದೆಯೆ ಎಂದೂ ಕೇಳೋಣ. ಯಾವ ದೇಶ ಮೊದಲನೆಯದೆಂಬ ವಾದವನ್ನು ಮಕ್ಕಳು ಮುಂದಿನ ರಜೆಯಲ್ಲಿ ಮುಂದುವರಿಸಲಿ. ನೆರೆಮನೆಯವನು ಕಾಯಿಲೆ ಬಿದ್ದರೆ ಬಡವನಾಗದೆ ಗುಣವಾಗಬಲ್ಲನೆ ಎಂಬ ಪ್ರಶ್ನೆಗಾದರೋ ನಾವೇ ಉತ್ತರ ಕೊಡಬೇಕಾಗಿದೆ.