ಚೀಟಿ ಇದ್ದವರ ಜ್ವರ, ಇಲ್ಲದವರ ಜ್ವರ

2008ರ ಮಾರ್ಚ್‌ನಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಹೈದರಾಬಾದಿನ ಅಂಚಿನ ಶಂಶಾಬಾದ್ ಬೇರೆಯೇ ಊರಾಯಿತು. ಒಂದೆಡೆ ಕಾವಲುಗಾರರಿರುವ ವಸತಿ ಸಮುಚ್ಚಯಗಳು, ಇನ್ನೊಂದೆಡೆ ಕೂಲಿಗೆ ಬಂದವರ ಬಾಡಿಗೆ ಕೋಣೆಗಳು. ಎರಡೂ ಕಡೆಯ ಮಕ್ಕಳಿಗೆ ಮಳೆಗಾಲದಲ್ಲಿ ಬರುವ ನೆಗಡಿ, ಜ್ವರ ಒಂದೇ. ಅದು ಬಹುಪಾಲು ವೈರಾಣುವಿನದು, ಆ್ಯಂಟಿಬಯೋಟಿಕ್‌ಗೆ ಬಗ್ಗುವಂಥದಲ್ಲ. ಆದರೂ ಯಾವ ಮಗುವಿಗೆ ಯಾವ ಮದ್ದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮನೆಯ ಆದಾಯ.

ಉಳ್ಳವರು ಮಗುವನ್ನು ಮೊದಲ ದಿನವೇ ತಜ್ಞರ ಬಳಿ ಒಯ್ಯುತ್ತಾರೆ. ಶಾಲೆ ತಪ್ಪಬಾರದು, ತಂದೆ ತಾಯಿಯ ರಜೆ ಮುಗಿಯಬಾರದು. ಶುಲ್ಕ ತೆತ್ತು ಬರಿಗೈಯಲ್ಲಿ ಮರಳುವುದು ಅನೇಕರಿಗೆ ಒಗ್ಗದು. ‘ಮೂರು ದಿನ ಕಾದು ನೋಡಿ’ ಎಂದ ವೈದ್ಯರನ್ನೇ ಬದಲಿಸುವವರೂ ಉಂಟು. ಅಜಿಥ್ರೊಮೈಸಿನ್ ಸೀಸೆ ಮನೆ ಸೇರುವುದು ಹೀಗೆ. ದಿನಗೂಲಿಯವರ ಲೆಕ್ಕವೇ ಬೇರೆ. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಂದಿನ ಸಂಬಳ ಹೋಯಿತು. ಆದ್ದರಿಂದ ಔಷಧದಂಗಡಿಯಲ್ಲಿ ಎರಡು ದಿನದ ಮದ್ದು. ಜ್ವರ ಇಳಿದರೆ ಅದೂ ನಿಂತಿತು. ಅಮಾಕ್ಸಿಸಿಲಿನ್ ನಿಜವಾಗಿ ಜೀವ ಉಳಿಸಬಲ್ಲ ನ್ಯುಮೋನಿಯ ಬಂದಾಗ ತಡವಾಗುವುದೂ ಇಂಥ ಮನೆಗಳಲ್ಲಿಯೇ.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಪ್ರಕಾರ ಸೆಫಿಕ್ಸಿಮ್‌ನಂಥ ಮದ್ದು ಮಾರಿದಾಗ ವೈದ್ಯರ, ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ಮಕ್ಕಳಿಗೆ ಹೆಚ್ಚಾಗಿ ಕೊಡುವ ಅಜಿಥ್ರೊಮೈಸಿನ್, ಅಮಾಕ್ಸಿಸಿಲಿನ್ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಪುಸ್ತಕ ಚೀಟಿ ಇದೆಯೇ ಎಂದು ಕೇಳುತ್ತದೆ, ಚೀಟಿ ಬರೆದದ್ದು ಸರಿಯೇ ಎಂದು ಕೇಳುವುದಿಲ್ಲ. ವೋಚರ್ ಇದ್ದ ಮಾತ್ರಕ್ಕೆ ಖರ್ಚು ನ್ಯಾಯವಾಗದೆಂಬುದು ಲೆಕ್ಕ ಬಲ್ಲವರಿಗೆಲ್ಲ ಗೊತ್ತು.

ಹೀಗಿರುವಾಗ ಸರ್ಕಾರವು ಅಂಗಡಿಗಳ ಮೇಲಷ್ಟೇ ಬಿಗಿ ಮಾಡಿದರೆ ಪೆಟ್ಟು ಬೀಳುವುದು ಚೀಟಿ ಇಲ್ಲದವರಿಗೆ. ಚೀಟಿ ಉಳ್ಳವರ ಅತಿಬಳಕೆ ಮುಟ್ಟಲಾಗದೆ ಉಳಿಯುತ್ತದೆ. ಹೈದರಾಬಾದಿನಲ್ಲಿ 2018ರಲ್ಲಿ ಆರಂಭವಾದ ಬಸ್ತಿ ದವಾಖಾನೆಗಳಲ್ಲಿ ತಪಾಸಣೆ, ಮದ್ದು ಎರಡೂ ಉಚಿತ. ಇವು ಕೂಲಿ ಮುಗಿದ ಸಂಜೆಯಲ್ಲೂ, ನಗರದ ಅಂಚಿನ ಕಾರ್ಮಿಕ ವಸತಿಗಳಲ್ಲೂ ದೊರೆಯಬೇಕು. ಜೊತೆಗೆ ಖಾಸಗಿ ಮಕ್ಕಳ ಆಸ್ಪತ್ರೆಗಳ ಚೀಟಿಗಳೂ ಪರಿಶೋಧನೆಗೆ ಒಳಪಡಬೇಕು.

ಸಮಾಜದ ಟ್ರಸ್ಟುಗಳಿಗೂ ಇಲ್ಲಿ ಪಾಲಿದೆ. ಉಚಿತ ಶಿಬಿರದಲ್ಲಿ ಎರಡು ದಿನದ ಆ್ಯಂಟಿಬಯೋಟಿಕ್ ಹಂಚಿ ಹೊರಟುಬಿಡುವುದು ಔಷಧದಾನವಾಗದು. ಬೇಕಾದ ಮಗುವಿಗೆ ಪೂರ್ಣ ಅವಧಿಯ ಮದ್ದು, ಬೇಡದ ಮಗುವಿನ ತಾಯಿಗೆ ಅಪಾಯದ ಲಕ್ಷಣಗಳ ತಿಳಿವಳಿಕೆ, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್, ಮೂರನೆಯ ದಿನ ಮತ್ತೆ ನೋಡುವ ವೈದ್ಯರು: ಮುಂದಿನ ಶಿಬಿರದ ಆಯವ್ಯಯದಲ್ಲಿ ಇವಕ್ಕೆ ಹಣ ಇಟ್ಟಿದೆಯೇ ಎಂದು ಸದಸ್ಯರು ಕೇಳಬೇಕು.