ಡಬ್ಬಿಯೊಳಗಿನ ನಾಣ್ಯ, ಹೊರಗುಳಿದ ಲೆಕ್ಕ

ಹಳೆಯ ನಾಣ್ಯಗಳ ವ್ಯಾಪಾರದಲ್ಲಿ ‘ಪಾಪ್ಯುಲೇಷನ್’ ಎಂಬ ಮಾತು ಈಗ ನಮ್ಮ ಸಣ್ಣ ಊರುಗಳವರೆಗೂ ಬಂದು ತಲುಪಿದೆ. ಓದುಗ ಮಿತ್ರರಲ್ಲಿ ಕೆಲವರಿಗೆ ಇದು ಹೊಸದಾಗಿರಬಹುದು. ಆದ್ದರಿಂದ ಮೊದಲು ಒಂದಿಷ್ಟು ವಿವರಣೆ. ಅಮೆರಿಕದಲ್ಲಿ ಪಿಸಿಜಿಎಸ್ ಎಂಬ ಸಂಸ್ಥೆ 1986ರಲ್ಲಿಯೂ ಎನ್‌ಜಿಸಿ ಎಂಬ ಸಂಸ್ಥೆ 1987ರಲ್ಲಿಯೂ ಕಾರ್ಯಾರಂಭ ಮಾಡಿದವು. ಇವು ಶುಲ್ಕ ಪಡೆದು ನಾಣ್ಯದ ಅಸಲಿತನವನ್ನು ಪರೀಕ್ಷಿಸಿ, ಅದರ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಹಿಂದಿರುಗಿಸುತ್ತವೆ. ಈ ಅಂಕಮಾನವನ್ನು ಮೊದಲು ರೂಪಿಸಿದವರು 1949ರಲ್ಲಿ ವಿಲಿಯಂ ಶೆಲ್ಡನ್. ಅದೂ ಅಮೆರಿಕದ ಹಳೆಯ ಸೆಂಟ್ ನಾಣ್ಯಗಳಿಗಾಗಿ. ಯಾವ ನಾಣ್ಯಕ್ಕೆ ಯಾವ ಅಂಕ ಎಷ್ಟು ಸಲ ಕೊಡಲಾಗಿದೆ ಎಂಬ ಪಟ್ಟಿಯೇ ಪಾಪ್ಯುಲೇಷನ್ ವರದಿ.

ಕೆಲವು ದಿನಗಳ ಹಿಂದೆ ಶಹಾಪುರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮೊಬೈಲಿನಲ್ಲಿ ಹೈದರಾಬಾದ್ ಸಂಸ್ಥಾನದ ಚಾರ್ಮಿನಾರ್ ಛಾಪಿನ ರೂಪಾಯಿಯೊಂದರ ಚಿತ್ರ ತೋರಿಸಿದ. ಡಬ್ಬಿಯಲ್ಲಿದ್ದ ನಾಣ್ಯ. ಮಾರುವವನು ಹೇಳಿದ್ದು: “ವರದಿಯಲ್ಲಿ ಎರಡೇ ಎರಡು ಇವೆ, ಅಂದರೆ ಜಗತ್ತಿನಲ್ಲಿಯೇ ಎರಡು.” ಕೇಳಿದ ಬೆಲೆ ಮಗಳ ಕಾಲೇಜು ಪ್ರವೇಶಕ್ಕೆಂದು ಇವನು ಕೂಡಿಟ್ಟ ಹಣದಷ್ಟೇ ಇತ್ತು. “ಸರ್ರ, ತೊಗೊಬೇಕೋ ಬ್ಯಾಡೋ?” ಎಂದ. ಬೇಡವೆಂದು ಹೇಳಿದೆ. ಏಕೆಂಬುದನ್ನು ಎಲ್ಲರಿಗೂ ತಿಳಿಯುವಂತೆ ಬರೆಯುವುದು ಲೇಸೆನಿಸಿತು.

ಶಿಕ್ಷಕರಾಗಿದ್ದವರಿಗೆಲ್ಲ ಜನಗಣತಿಯ ಕೆಲಸ ಗೊತ್ತು. ಮನೆಮನೆಯ ಬಾಗಿಲಿಗೆ ನಾವೇ ಹೋಗಿ ಎಣಿಸಬೇಕು. ಒಬ್ಬರನ್ನೂ ಬಿಡುವಂತಿಲ್ಲ, ಯಾರನ್ನೂ ಎರಡು ಸಲ ಬರೆಯುವಂತಿಲ್ಲ. ಪಾಪ್ಯುಲೇಷನ್ ವರದಿ ಹೆಸರಿಗೆ ಮಾತ್ರ ಗಣತಿ. ಅದು ಕಚೇರಿಗೆ ತಾವಾಗಿಯೇ ಬಂದು ಅರ್ಜಿ ಕೊಟ್ಟವರ ದಾಖಲೆ. ಅರ್ಜಿ ಕೊಡದವರ ವಿಷಯವನ್ನು ಅದು ಹೇಳಲಾರದು.

ಅರ್ಜಿ ಕೊಡದವರು ನಮ್ಮಲ್ಲಿ ಎಷ್ಟಿದ್ದಾರೆ ನೋಡಿ. ಯಾದಗಿರಿ, ಶಹಾಪುರ, ಸುರಪುರಗಳು ಆಗ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಸಂತೆಯಲ್ಲಿ, ಕಂದಾಯದಲ್ಲಿ, ಮದುವೆಯ ಮುಯ್ಯಿಯಲ್ಲಿ ಓಡಾಡಿದ್ದು ನಿಜಾಮರ ಸಿಕ್ಕಾ ನಾಣ್ಯಗಳೇ. 1951ರ ನಂತರ ಭಾರತದ ರೂಪಾಯಿ ಮುಖ್ಯ ಹಣವಾಯಿತು. ಸಂಸ್ಥಾನದ ಹಣ ಪೂರ್ಣವಾಗಿ ರದ್ದಾದದ್ದು 1959ರಲ್ಲಿ. ಬೆಳ್ಳಿಯ ರೂಪಾಯಿಗಳು ಮಾತ್ರ ಹೋಗಲಿಲ್ಲ. ಕೆಲವು ಪೆಟ್ಟಿಗೆಯ ತಳ ಸೇರಿದವು. ಕೆಲವು ಅಕ್ಕಸಾಲಿಗರ ಮೂಸೆ ಸೇರಿದವು. ಕೆಲವು ಕೊಂಡಿ ಬೆಸೆಸಿಕೊಂಡು ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳ ಕೊರಳ ಹಾರಗಳಾದವು. ಕೊಂಡಿ ಬೆಸೆದ, ಉಜ್ಜಿ ತೊಳೆದ ನಾಣ್ಯಕ್ಕೆ ಪರೀಕ್ಷಕರು ಪೂರ್ಣ ಅಂಕ ಕೊಡುವುದಿಲ್ಲ, ‘ಹಾನಿಗೊಂಡದ್ದು’ ಎಂದು ಬರೆಯುತ್ತಾರೆ. ಆದ್ದರಿಂದ ಅಂಥವನ್ನು ಶುಲ್ಕ ಕೊಟ್ಟು ಕಳಿಸುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ನಾಣ್ಯದ ಬೆಲೆಗಿಂತ ಪರೀಕ್ಷೆ ಮತ್ತು ಸಾಗಣೆಯ ಖರ್ಚೇ ಹೆಚ್ಚಾದಾಗ, ಸಾವಿರಾರು ಉಳಿದಿದ್ದರೂ ವರದಿಯಲ್ಲಿ ಎರಡೇ ಕಾಣುತ್ತವೆ. ಇದು ಅಪರೂಪವಲ್ಲ, ಅಗ್ಗ.

ಕಾನೂನಿನ ತೊಡಕು ಬೇರೆ ಇದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿ ವ್ಯಕ್ತಿ ಅದನ್ನು ತನ್ನಿಚ್ಛೆಯಂತೆ ದೇಶದ ಹೊರಗೆ ಕಳಿಸುವಂತಿಲ್ಲ. 1911ರಲ್ಲಿ ತೀರಿಕೊಂಡ ಮಹಬೂಬ್ ಅಲಿ ಖಾನರ ಕಾಲದ ನಾಣ್ಯಗಳೆಲ್ಲವೂ ಈಗ ಆ ಗೆರೆಯನ್ನು ದಾಟಿವೆ. ಹೀಗಿರುವಾಗ ಅಮೆರಿಕದ ಪಟ್ಟಿಯಲ್ಲಿ ನಮ್ಮ ಹಳೆಯ ನಾಣ್ಯಗಳು ವಿರಳವಾಗಿದ್ದರೆ ಆಶ್ಚರ್ಯವೇನು?

ಎರಡನೆಯ ದೋಷ ಇದಕ್ಕೆ ವಿರುದ್ಧವಾದದ್ದು. ಒಂದೇ ನಾಣ್ಯ ಹಲವು ಸಲ ಎಣಿಕೆಯಾಗುತ್ತದೆ. 64 ಅಂಕ ಬಂದ ನಾಣ್ಯಕ್ಕೆ 65 ಬಂದರೆ ಬೆಲೆ ಬಹಳ ಏರುವುದರಿಂದ, ವ್ಯಾಪಾರಿಗಳು ಡಬ್ಬಿ ಒಡೆದು ಮತ್ತೆ ಮತ್ತೆ ಕಳಿಸುತ್ತಾರೆ. ಹಳೆಯ ಚೀಟಿಯನ್ನು ಹಿಂದಿರುಗಿಸದಿದ್ದರೆ ಹಳೆಯ ಲೆಕ್ಕ ಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ಒಬ್ಬನೇ ಹುಡುಗ ಮೂರು ಸಲ ಪರೀಕ್ಷೆಗೆ ಕುಳಿತರೆ ಮೂವರು ವಿದ್ಯಾರ್ಥಿಗಳೆಂದು ಬರೆದಂತೆ. ಹೀಗೆ ಬೆಲೆಬಾಳುವ ನಾಣ್ಯಗಳ ಸಂಖ್ಯೆ ನಿಜಕ್ಕಿಂತ ಹೆಚ್ಚಾಗಿಯೂ, ಸಾಮಾನ್ಯ ನಾಣ್ಯಗಳ ಸಂಖ್ಯೆ ನಿಜಕ್ಕಿಂತ ತೀರ ಕಡಿಮೆಯಾಗಿಯೂ ತೋರುತ್ತದೆ.

ಮೂರನೆಯದು ವರ್ಗೀಕರಣ. 1862ರ ಇಸವಿ ಹೊತ್ತ ವಿಕ್ಟೋರಿಯಾ ರಾಣಿಯ ರೂಪಾಯಿಗಳನ್ನು 1874ರವರೆಗೂ ಅದೇ ಇಸವಿಯಲ್ಲಿ ಅಚ್ಚು ಹಾಕಲಾಯಿತು. ತಜ್ಞರು ಚುಕ್ಕೆಗಳ ಸಂಖ್ಯೆ ನೋಡಿ ವರ್ಷ ಗುರುತಿಸಲು ಯತ್ನಿಸುತ್ತಾರೆ. ಮೀರ್ ಉಸ್ಮಾನ್ ಅಲಿ ಖಾನರ ಆರಂಭದ ರೂಪಾಯಿಗಳಲ್ಲಿ ಚಾರ್ಮಿನಾರಿನ ಬಾಗಿಲೊಳಗಿನ ‘ಐನ್’ ಅಕ್ಷರ ಕೆಲವದರಲ್ಲಿ ಅರ್ಧ, ಕೆಲವದರಲ್ಲಿ ಪೂರ್ಣ. ಇಂಥ ಭೇದಗಳೆಲ್ಲ ಒಂದೇ ಸಾಲಿನಲ್ಲಿ ಸೇರಿಹೋದರೆ ವಿರಳವಾದದ್ದು ಸಾಮಾನ್ಯದೊಳಗೆ ಮರೆಯಾಗುತ್ತದೆ. ಕೆಲವಕ್ಕೆ ಮಾತ್ರ ಪ್ರತ್ಯೇಕ ಸಾಲು ಕೊಟ್ಟರೆ ಸಾಮಾನ್ಯವೂ ವಿರಳವಾಗಿ ಕಾಣುತ್ತದೆ.

ಹಾಗಾದರೆ ಟಂಕಸಾಲೆಯ ಲೆಕ್ಕವನ್ನೇ ನಂಬೋಣವೇ? ಅದೂ ಸಾಲದು. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದಿತು. ಸುಮಾರು 94 ಲಕ್ಷ ಅಚ್ಚಾಗಿದ್ದರೂ ಜನರ ಕೈಗೆ ಹೋದದ್ದು ಸುಮಾರು 7 ಲಕ್ಷ; ಉಳಿದವನ್ನು ಕರಗಿಸಿದರು. ಅಮೆರಿಕದ 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ 4,45,500 ಅಚ್ಚಾಗಿತ್ತು. ಬಹುತೇಕ ಎಲ್ಲವೂ ಕುಲುಮೆಗೆ ಹೋದ ಕಾರಣ, ಉಳಿದ ಒಂದು 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಮಾರಾಟವಾಯಿತು. ಅಚ್ಚಾದದ್ದು, ಚಲಾವಣೆಗೆ ಬಂದದ್ದು, ಉಳಿದದ್ದು, ಡಬ್ಬಿ ಸೇರಿದ್ದು — ಇವು ನಾಲ್ಕು ಬೇರೆ ಬೇರೆ ಸಂಖ್ಯೆಗಳು. ವ್ಯಾಪಾರಿ ನಾಲ್ಕನೆಯದನ್ನು ತೋರಿಸಿ ಮೂರನೆಯದೆಂದು ನಂಬಿಸುತ್ತಾನೆ.

ಇಂದು ಕಡಿಮೆ ಇರುವ ಸಂಖ್ಯೆ ನಾಳೆಯೂ ಕಡಿಮೆ ಇರಬೇಕೆಂದಿಲ್ಲ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಬೆಳ್ಳಿ ಡಾಲರು ಅತಿ ವಿರಳವೆಂದು ಹೆಸರಾಗಿತ್ತು. 1962ರ ಕೊನೆಯಲ್ಲಿ ಸರಕಾರಿ ಖಜಾನೆಯಿಂದ ಮೂಟೆಗಟ್ಟಲೆ ಹೊರಬಂದಾಗ ಅದರ ಬೆಲೆ ಕುಸಿಯಿತು. ನಮ್ಮ ಹಳ್ಳಿಗಳ ಗೋಡೆಗಳಲ್ಲಿ, ಹಗೇವುಗಳಲ್ಲಿ ಏನೇನಿದೆಯೋ ಬಲ್ಲವರಾರು?

ಈ ವರದಿಗಳು ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಖೊಟ್ಟಿ ನಾಣ್ಯಗಳು ತುಂಬಿರುವ ಪೇಟೆಯಲ್ಲಿ ಪರೀಕ್ಷಕರ ಕೆಲಸಕ್ಕೆ ಬೆಲೆಯಿದೆ. ಪ್ರತಿಯೊಂದು ಪ್ರತಿಯೂ ಪರೀಕ್ಷೆಗೆ ಹೋಗುವಷ್ಟು ಬೆಲೆಬಾಳುವ ನಾಣ್ಯಗಳಲ್ಲಿ, ಹಲವು ವರ್ಷಗಳ ಏರಿಳಿತ ನೋಡಿದರೆ, ವರದಿ ಒಳ್ಳೆಯ ಸುಳಿವು ಕೊಡುತ್ತದೆ. ಒಂದೇ ಮಾಲಿಕೆಯ ಎರಡು ವರ್ಷಗಳನ್ನು ಹೋಲಿಸಲಿಕ್ಕೂ ಬರುತ್ತದೆ. ಸಂಖ್ಯೆಯನ್ನು ಸಾಕ್ಷಿಗಳಲ್ಲಿ ಒಂದೆಂದು ಎಣಿಸಬೇಕು. ಅದನ್ನೇ ತೀರ್ಪೆಂದು ಸ್ವೀಕರಿಸಬಾರದು. ಹತ್ತಾರು ವರ್ಷಗಳ ಹರಾಜು ಪಟ್ಟಿಗಳಲ್ಲಿ ಆ ನಾಣ್ಯ ಎಷ್ಟು ಸಲ ಬಂದಿದೆ, ಹಿರಿಯ ಸಂಗ್ರಾಹಕರು ಡಬ್ಬಿಯಿಲ್ಲದೆ ಎಷ್ಟು ಕಂಡಿದ್ದಾರೆ, ತೂಕ ಸರಿಯಿದೆಯೇ ಎಂದು ಕೇಳಬೇಕು. ಚಾರ್ಮಿನಾರ್ ಛಾಪಿನ ಬೆಳ್ಳಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಬ್ರಿಟಿಷ್ ರೂಪಾಯಿಯದು 11.66.

ಹಳೆಯ ನಾಣ್ಯ ಕೊಳ್ಳುತ್ತೇವೆ ಎಂದು ತನ್ನ ಹೆಸರು ಬಳಸಿ ಮೋಸ ಮಾಡುವವರ ವಿಷಯದಲ್ಲಿ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಜನರನ್ನು ಎಚ್ಚರಿಸಿತ್ತು. ಅಂಕಿಯ ಮೋಸ ಅದಕ್ಕಿಂತ ನಯವಾದದ್ದು, ಏಕೆಂದರೆ ಅಲ್ಲಿ ಹೇಳುವ ಅಂಕಿ ಸುಳ್ಳಾಗಿರುವುದಿಲ್ಲ.

ನಮ್ಮ ಭಾಗದ ಶಾಲಾ ಕಾಲೇಜುಗಳ ಇತಿಹಾಸದ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿರುವ ನಾಣ್ಯಗಳ ಇಸವಿ, ತೂಕ, ಚಿತ್ರಗಳನ್ನು ಬರೆದು ತರಲಿ. ಮನೆಯ ಗುರುತನ್ನು ಗುಪ್ತವಾಗಿಡಿ, ನಾಣ್ಯ ಮನೆಯಲ್ಲಿಯೇ ಇರಲಿ. ಹತ್ತು ಹಳ್ಳಿಗಳ ಇಂಥ ಒಂದು ಪಟ್ಟಿ ಸಿದ್ಧವಾದರೆ, ಚಾರ್ಮಿನಾರ್ ರೂಪಾಯಿಯ ವಿಷಯದಲ್ಲಿ ಅದು ಸಾಗರದಾಚೆಯ ವರದಿಗಿಂತ ಹೆಚ್ಚಿನ ಸತ್ಯ ಹೇಳೀತು.